ಎದುರಿನ ಜಾಗ

"ಕನ್ನಡಕ ಹಾಕ್ಕೋರಿ ನೀಲಪ್ಪಣ್ಣ. ಇದು ನಿಮ್ಮ ಸಾಣಿಕಲ್ಲಲ್ಲ, ಕಿಡಿ ಮಾರಿಗೇ ಬರ್ತಾವು" ಎಂದು ಅಯ್ಯೂಬ ಸ್ವಿಚ್ಚು ಒತ್ತಿದ.

ಗಾಲಿಗಳ ಮೇಲೆ ಸುತ್ತಿಕೊಂಡಿದ್ದ ಎರಡಿಂಚಿನ ಉಸುಕುಕಾಗದದ ಬೆಲ್ಟು ಗೊರ್ರೆಂದು ತಿರುಗತೊಡಗಿತು. ಬೆಳ್ಳಟ್ಟಿಯ ಕಮ್ಮಾರ ನೀಲಪ್ಪ ಕೈಚೀಲದಿಂದ ಒಂದು ಚೂರಿ ತೆಗೆದ. ಲಾರಿಯ ಸ್ಪ್ರಿಂಗಿನ ಪಾಟಾ ಬಡಿದು ಮಾಡಿ, ಹದ ಕೊಟ್ಟು ತಂದದ್ದು. ಸಾಣೆಯೊಂದು ಬಾಕಿ. ಅದನ್ನು ಬೆಲ್ಟಿಗೆ ಒತ್ತಿ ಹಿಡಿದದ್ದೇ ತಡ, ಕಿಡಿ ಅಂಗಿಯ ತೋಳಿನವರೆಗೆ ಹಾರಿದವು. ಊರಲ್ಲಿ ಅರ್ಧ ತಾಸು ತಿನ್ನುವ ಕೆಲಸ ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಮುಗಿಯಿತು. ಖುಷಿಯಿಂದ ಬಾಗಿಲ ಕಡೆ ತಿರುಗಿ, "ನೋಡಿದೇನು?" ಎಂದ. ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಅವನ ಹೆಂಡತಿ ಮುತ್ತವ್ವ ಹೂಂ ಅಂದಳು. ಆ ಹೂಂ ಅನ್ನುವುದರಲ್ಲಿ ಖುಷಿಯೇನೂ ಇರಲಿಲ್ಲ.

ಗದಗಿನ ಮುಳಗುಂದ ನಾಕಾದ ಹತ್ತಿರ ಅಯ್ಯೂಬನ ವರ್ಕ್‌ಶಾಪು. ಬೆಲ್ಟ್ ಗ್ರೈಂಡರನ್ನು ತಾನೇ ಕೂಡಿಸಿ ಮಾರುವವನು ಅವನು. ಮಾರುವವನಾದರೂ ಸುಳ್ಳು ಹೇಳುವ ಚಟವಿರಲಿಲ್ಲ. ಚೂರಿ ಇಸಿದುಕೊಂಡು ಬೆಳಕಿಗೆ ಹಿಡಿದ, ಆಮೇಲೆ ಅದರ ಬಾಯಿಯ ಮೇಲೆ ಅರ ಎಳೆದ. ಹದವಿದ್ದರೆ ಅರ ಜಾರಬೇಕಿತ್ತು, ಕಚ್ಚಿತು.

"ನೀಲಿ ಹತ್ತೇತ್ರಿ. ಬಾಯಿ ಕಾದು ಹದಾ ಹೋಗೇತಿ."

ನೀಲಪ್ಪನ ಮುಖ ಸಣ್ಣದಾಯಿತು. ಎರಡು ತಿಂಗಳಿಂದ ಅವನು ಕೇಳುತ್ತಿದ್ದದ್ದು ಇದೇ ಮಾತು. ಲಕ್ಷ್ಮೇಶ್ವರದ ಮಟನ್ ಅಂಗಡಿಯ ಅಝೀಮ ನಾಲ್ಕು ಚೂರಿ ವಾಪಸ್ಸು ಕಳಿಸಿದ್ದ. ಎಲುಬಿಗೆ ತಾಗಿದರೆ ಬಾಯಿ ಮಡಚುತ್ತವಂತೆ. ಇನ್ನೊಂದು ಸಲ ಹೀಗಾದರೆ ಬೇರೆ ಕಡೆ ನೋಡಿಕೊಳ್ಳುತ್ತೇನೆಂದೂ ಹೇಳಿ ಕಳಿಸಿದ್ದ. ಮೂವತ್ತು ವರ್ಷ ನೀಲಪ್ಪನ ಚೂರಿ ಎಂದರೆ ಕಣ್ಣು ಮುಚ್ಚಿ ಕೊಳ್ಳುತ್ತಿದ್ದ ಮಂದಿ ಈಗ ಬೆರಳಲ್ಲಿ ತಡವಿ ನೋಡುತ್ತಿದ್ದರು. ಅದು ಅವನಿಗೆ ಬಹಳ ನೋವಿನ ಸಂಗತಿ.

ಅಲ್ಲಿಯವರೆಗೆ ಸಾಣೆ ಇಬ್ಬರ ಕೆಲಸವಾಗಿತ್ತು. ಸಾಣೆಕಲ್ಲಿನ ಅಚ್ಚಿಗೆ ಸುತ್ತಿದ ಚರ್ಮದ ಪಟ್ಟಿಯನ್ನು ಮುತ್ತವ್ವ ಎದುರು ಕೂತು ಜಗ್ಗಿ ಕಲ್ಲು ತಿರುಗಿಸುವುದು, ಅವನು ಈಚೆಯಿಂದ ಚೂರಿ ಹಿಡಿಯುವುದು. ದೀಪಾವಳಿ ಮುಗಿದ ಮೇಲೆ ಅವಳ ಬಲಭುಜ ಹಿಡಿದುಕೊಂಡಿತು. ಇನ್ನು ಜಗ್ಗಕೂಡದು ಎಂದರು ಡಾಕ್ಟರು. ನೀಲಪ್ಪ ಕಲ್ಲಿಗೆ ಹಳೆಯ ಮೋಟಾರು ಕಟ್ಟಿದ, "ನೀ ಇನ್ನ ಆರಾಮ ಕುಂದರು" ಎಂದು ಹೆಂಡತಿಯನ್ನು ಒಳಗೆ ಕಳಿಸಿದ. ಪ್ರೀತಿಯಿಂದಲೇ ಹೇಳಿದ್ದ. ಅವಳಿಗೆ ಮಾತ್ರ ಆ ಆರಾಮ ಮೈಗೆ ಹತ್ತಲಿಲ್ಲ. ಚೂರಿ ಕೆಟ್ಟಾಗ ಅವನು ಮೊದಲು ಪಾಟಾದ ಮೇಲೆ ತಪ್ಪು ಹೊರಿಸಿದ, ಆಮೇಲೆ ಕಲ್ಲಿನ ಮೇಲೆ. ಬೆಲ್ಟಿನ ಮಷಿನ್ನು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿ ಈ ಮುಂಜಾನೆ ಬಸ್ಸು ಹತ್ತಿದ್ದ.

"ಇದು ಒಂದ ಸ್ಪೀಡಿಂದು, ಗ್ವಾಡಿಗೆ ಕುಂದರಸೂದು" ಎಂದ ಅಯ್ಯೂಬ. "ಆ ಸಣ್ಣದರಾಗ ಸ್ಪೀಡ ಕಮ್ಮಿ ಮಾಡಾಕ ಬರ್ತೈತಿ. ಅದನ್ನ ನೋಡ್ರಿ."

ಸಣ್ಣದು ನಡುಮನೆಯ ಕಂಬದ ಹಾಗೆ ಒಂಟಿ ಕಾಲಿನ ಮೇಲೆ ನಿಂತಿತ್ತು. ಅಯ್ಯೂಬ ಗುಬುಟು ತಿರುಗಿಸಿ ವೇಗ ಇಳಿಸಿದ. ನೀಲಪ್ಪ ಎರಡನೆಯ ಚೂರಿ ಹಿಡಿದ. ನಿಧಾನಕ್ಕೆ, ಉಸಿರು ಬಿಗಿಹಿಡಿದು ಹಿಡಿದ. ಆದರೂ ಮೊನೆಯ ಹತ್ತಿರ ಹೆಸರುಕಾಳಿನಷ್ಟು ನೀಲಿ ಬಂತು.

"ಬೆರಳಿಗೆ ಬಿಸಿ ಗೊತ್ತಾಗೂದಿಲ್ಲೇನ್ರಿ?"

"ಕೆಂಡದಾಗ ಆಡಿದ ಬೆರಳು, ಏನ ಗೊತ್ತಾಗತೈತಿ?"

"ಮತ್ತ ಮೊದಲ ಹೆಂಗ ಗೊತ್ತಾಗತಿತ್ತು?"

"ಗೊತ್ತಾಗತಿತ್ತು" ಎಂದ ನೀಲಪ್ಪ. ಕೈಯೇ ಕೆಟ್ಟುಹೋಯಿತೇನೋ ಎಂಬ ಅಂಜಿಕೆ ಬಂತು ಅವನಿಗೆ. ಹಾಗಿದ್ದರೆ ಯಾವ ಮಷಿನ್ನು ಕೊಂಡೂ ಉಪಯೋಗವಿಲ್ಲ. ಆದರೂ ಮೂರನೆಯ ಚೂರಿಯನ್ನು ಎತ್ತಿಕೊಂಡ.

ಮುತ್ತವ್ವ ಆಗ ಎದ್ದಳು. ಯಾರನ್ನೂ ಕೇಳದೆ ಮಷಿನ್ನಿನ ಆಚೆ ಬದಿಗೆ ಹೋಗಿ, ಕಿಡಿಗೆ ಅಡ್ಡ ಕಟ್ಟಿದ್ದ ತಗಡಿನ ಮೇಲಿಂದ ಬಗ್ಗಿ ನೋಡತೊಡಗಿದಳು. ಬೆಲ್ಟು ತಿರುಗಿತು. ನಾಲ್ಕು ಸಲ ಚೂರಿ ಎಳೆದದ್ದಾಯಿತು.

"ನೀರ" ಎಂದಳು.

ನೀಲಪ್ಪನ ಕೈ ಅವನಿಗಿಂತ ಮೊದಲು ಕೇಳಿಸಿಕೊಂಡಿತು. ಚೂರಿ ಬಕೀಟಿನ ನೀರಲ್ಲಿ ಸುಯ್ ಎಂದಿತು. ಮತ್ತೆ ಹಿಡಿದ. "ನೀರ" ಎಂದಳು, ಮತ್ತೆ ಅದ್ದಿದ. ಗಟ್ಟಿಯಾಗಿ ಹೇಳುತ್ತಲೂ ಇರಲಿಲ್ಲ, ಪಲ್ಯಕ್ಕೆ ಉಪ್ಪು ಸಾಕು ಎನ್ನುವ ದನಿಯಲ್ಲಿ ಹೇಳುತ್ತಿದ್ದಳು. ಮೂವತ್ತು ವರ್ಷ ಪಟ್ಟಿ ಜಗ್ಗುತ್ತ ಇದೇ ದನಿಯಲ್ಲಿ ಹೇಳಿದ್ದಳು. ಅದು ಕಲ್ಲಿನ ಸದ್ದಿನ ಜೊತೆ ಬೆರೆತು ಹೋಗಿದ್ದರಿಂದ ಅದನ್ನು ಯಾರಾದರೂ ಹೇಳುತ್ತಿದ್ದಾರೆ ಎಂಬುದೇ ನೀಲಪ್ಪನಿಗೆ ಮರೆತಿತ್ತು. ಚೂರಿ ಹಿಡಿದವನಿಗೆ ಕಾಣುವುದು ಅದರ ಬೆನ್ನು, ಬಣ್ಣ ತಿರುಗುವ ಬಾಯಿ ಕಾಣುವುದು ಎದುರಿನವರಿಗೆ.

ಅಯ್ಯೂಬ ಅರ ಎಳೆದ. ಗಾಜಿನ ಮೇಲೆ ಎಳೆದಂತೆ ಜಾರಿತು. ಇನ್ನೊಮ್ಮೆ ಎಳೆದು ನೋಡಿ, ಅರವನ್ನು ಕೆಳಗಿಟ್ಟ.

ನೀಲಪ್ಪ ಕನ್ನಡಕ ತೆಗೆದು ಹೆಂಡತಿಯ ಕಡೆ ತಿರುಗಿದ. "ಇಷ್ಟ ದಿನಾ ಯಾಕ ಹೇಳಲಿಲ್ಲ?"

"ಹೊರಗ ಮೋಟಾರ ಹಚ್ಚಿಕೊಂಡು ಕುಂತಿದ್ರಿ. ಯಾರ ಕರೆದರು ನನ್ನ?" ಎಂದಳು ಮುತ್ತವ್ವ. "ಭುಜಾ ಹೋಗೇತಿ. ಕಣ್ಣಿಗೇನಾಗೇತಿ?"

ಅವನಿಗೆ ನಾಚಿಕೆಯಾಯಿತು. ಅಯ್ಯೂಬನ ಎದುರಿಗೆ ಎಂದಲ್ಲ, ಅವಳ ಎದುರಿಗೇ. ಅದನ್ನು ಬಾಯಿಬಿಟ್ಟು ಹೇಳುವ ರೂಢಿ ಅವರ ಮನೆಯಲ್ಲಿ ಇರಲಿಲ್ಲ.

"ದೊಡ್ಡದು ಬ್ಯಾಡ್ರಿ ಅಯ್ಯೂಬಸಾಬ್ರ. ಇದ ಇರಲಿ" ಎಂದ.

"ಸ್ಪೀಡ ಕಮ್ಮಿ ಆಗತೈತಂತೇನ್ರಿ?"

"ಅದಕ್ಕಲ್ಲ. ಇದರ ಆ ಕಡೆ ಮನುಷ್ಯಾರು ಕುಂದರಾಕ ಬರ್ತೈತಿ. ಗ್ವಾಡಿಗೆ ಕುಂದರಿಸಿದರ ಎಲ್ಲಿ ಬರ್ತೈತಿ?"

ಅಯ್ಯೂಬ ತಲೆ ಕೆರೆದುಕೊಂಡ. ಗ್ರೈಂಡರು ಕೊಳ್ಳುವವರು ಮೋಟಾರಿನ ಶಕ್ತಿ ಕೇಳುತ್ತಾರೆ, ಬೆಲ್ಟು ಎಷ್ಟು ದಿನ ಬಾಳುತ್ತದೆ ಎಂದು ಕೇಳುತ್ತಾರೆ. ಇದು ಹೊಸದು. "ಕುಂತರ ತಗಡ ಅಡ್ಡ ಬರ್ತೈತಲ್ರಿ. ಸ್ವಲ್ಪ ಕತ್ತರಿಸಿ ಗಾಜ ಕುಂದರಸಬೇಕಾಗತೈತಿ."

"ಕುಂದರಸ್ರಿ."

ಕತ್ತರಿಸುವಲ್ಲಿ ಗುರುತು ಹಾಕಲು ಅಯ್ಯೂಬ ಸೀಮೆಸುಣ್ಣ ತಂದ. ಅದನ್ನು ನೀಲಪ್ಪನೇ ಇಸಿದುಕೊಂಡ. ಬಾಗಿಲಲ್ಲಿದ್ದ ಸ್ಟೂಲು ಎತ್ತಿಕೊಂಡು ಹೋಗಿ ಮಷಿನ್ನಿನ ಆಚೆ ಇಟ್ಟ. ಮುತ್ತವ್ವ ಸೆರಗು ಸರಿಮಾಡಿಕೊಂಡು ಕೂತಳು. ಅವನು ಈಚೆ ಬಂದು, ತಗಡಿನ ಮೇಲೆ ಸೀಮೆಸುಣ್ಣ ಇಟ್ಟು ಕೇಳಿದ:

"ಇಲ್ಲಿಗೆ ಬರ್ತೈತೇನು ನಿನ್ನ ಕಣ್ಣು?"

"ಇನ್ನೊಂದು ಬಟ್ಟು ಕೆಳಗ."

ಅವನು ಒಂದು ಬೆರಳು ಕೆಳಗೆ ಇಳಿದು, ನಿಧಾನವಾಗಿ ಗೆರೆ ಎಳೆದ.