ನೀರಿನ ಸೀಸೆಯಲ್ಲಿ ಲವಂಗ

ಸೋಪಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪರಿಮಳ ಬೆರೆಸಿದವನಿಗೆ ಮೂಗೇ ಕೈಕೊಟ್ಟು ಎಂಟು ವರ್ಷವಾಗಿತ್ತು. ಉಬ್ಬಸ ಮೊದಲಿನಿಂದ ಇದ್ದದ್ದೇ. ಆಮೇಲೆ ಮೂಗಿನೊಳಗೆ ದ್ರಾಕ್ಷಿಯಂಥ ಗಂಟುಗಳು ಬೆಳೆದವು. ಎರಡು ಸಲ ಕತ್ತರಿಸಿ ತೆಗೆದರೂ ಮತ್ತೆ ಬಂದವು. ಅವನನ್ನು ಪರಿಮಳ ಬೆರೆಸುವ ಮೇಜಿನಿಂದ ಎಬ್ಬಿಸಿ ಸೋಪಿಗೆ ಕಾಗದ ಸುತ್ತುವ ಕಡೆಗೆ ಹಾಕಿದರು. ಈ ನಡುವೆ ಹೆಂಡತಿ ತೀರಿಕೊಂಡಳು. ಅವನು ಬೆರೆಸಿದ ಸೋಪುಗಳನ್ನು ಅವಳು ಬಟ್ಟೆಗಳ ನಡುವೆ ಇಡುತ್ತಿದ್ದಳು. ಅವಳ ಪೆಟ್ಟಿಗೆಯನ್ನು ಅವನು ಇನ್ನೂ ತೆರೆದಿರಲಿಲ್ಲ. ಏನೂ ವಾಸನೆ ಬಾರದಿದ್ದರೆ ಅವಳು ಇನ್ನೊಮ್ಮೆ ಹೋದಂತಾದೀತೆಂದು ಹೆದರಿಕೆ.

ಉಬ್ಬಸವೂ ಗಂಟೂ ಎರಡೂ ಇದ್ದವರ ಮೇಲೆ ಆಸ್ಪತ್ರೆಯವರು ಎರಡು ಹೊಸ ಔಷಧಗಳನ್ನು ಹೋಲಿಸಿ ನೋಡುತ್ತಿದ್ದರು. ಇವನೂ ಸೇರಿ ಆರು ತಿಂಗಳು ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡ. ಯಾರಿಗೆ ಯಾವ ಔಷಧ ಎಂಬುದನ್ನು ಡಾಕ್ಟರಿಗೂ ತಿಳಿಯದಂತೆ ಮುಚ್ಚಿಟ್ಟಿದ್ದರು. ಮೆಟ್ಟಿಲು ಹತ್ತುವಾಗ ಏದುಸಿರು ನಿಂತಿತ್ತು. ಮೂಗಿಗೂ ಆಗಾಗ ಏನೋ ಸುಳಿದಂತಾಗುತ್ತಿತ್ತು. ನೆನಪಿನ ಆಟವೆಂದು ತಳ್ಳಿಹಾಕಿದ್ದ. ಇಂದು ವಾಸನೆಯ ಪರೀಕ್ಷೆ. ಗೆದ್ದರೆ ಹಳೆಯ ಮೇಜು ಮರಳಿ ಕೊಡುವುದಾಗಿ ಮೇಲ್ವಿಚಾರಕ ಮಾತು ಕೊಟ್ಟಿದ್ದ.

ಕಣ್ಣಿಗೆ ಬಟ್ಟೆ ಕಟ್ಟಿ ನರ್ಸ್ ಒಂದೊಂದೇ ಸೀಸೆಯನ್ನು ಮೂಗಿನ ಬಳಿ ಹಿಡಿದಳು. ಮೊದಲನೆಯದಕ್ಕೆ ಲವಂಗ ಎಂದ. ಎರಡನೆಯದಕ್ಕೂ ಲವಂಗ. ಮೂರನೆಯದು ಬರೀ ನೀರು, ಊಹಿಸಿ ಹೇಳುವವರನ್ನು ಹಿಡಿಯಲೆಂದೇ ಇಟ್ಟದ್ದು. ಅದಕ್ಕೂ ಲವಂಗವೆಂದ.

ಜೊತೆಗೆ ಬಂದಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ. "ಸ್ಕೂಲಲ್ಲೂ ಹಿಂಗೇ ಎಲ್ಲಾದಕ್ಕೂ ಒಂದೇ ಉತ್ತರ ಬರೀತಿದ್ದೆ ಕಣೋ."

ಎಲ್ಲೋ ತಪ್ಪಿದೆನೆಂದು ಅವನಿಗೆ ಗೊತ್ತಾಯಿತು. ಆದರೂ ಮೂವತ್ತು ವರ್ಷದ ಕಸುಬು ಸುಮ್ಮನಿರಲು ಬಿಡಲಿಲ್ಲ. ಮನಸ್ಸಿನಲ್ಲೇ ದೇವರನ್ನು ನೆನೆದು, ನಿಧಾನವಾಗಿ ಮತ್ತೆ ಉಸಿರೆಳೆದ.

"ಸೀಸೆ ಬಂದಾಗ ಅಲ್ಲ ನರ್ಸಮ್ಮ, ನೀನು ಬಗ್ಗಿದಾಗ ಲವಂಗದ ವಾಸನೆ ಬರುತ್ತೆ. ಅದರಲ್ಲೂ ನಿನ್ನ ಎಡಗಡೆಯಿಂದ."

ನರ್ಸಿನ ಪೆನ್ನು ನಿಂತಿತು. ಹಲ್ಲುನೋವೆಂದು ಬೆಳಿಗ್ಗೆ ಎಡದವಡೆಗೆ ಲವಂಗ ಒತ್ತಿಟ್ಟುಕೊಂಡದ್ದನ್ನು ಅವಳು ಮರೆತೇಬಿಟ್ಟಿದ್ದಳು. ಪರೀಕ್ಷೆಯ ಕೋಣೆಗೆ ಹೂವನ್ನೂ ತರಬಾರದೆಂದು ಬಾಗಿಲಿಗೆ ಚೀಟಿ ಅಂಟಿಸಿದವಳೂ ಅವಳೇ.

ಡಾಕ್ಟರಮ್ಮ ಬಂದು, ನರ್ಸ್ ಉತ್ತರ ಬರೆದಿದ್ದ ಹಾಳೆಯನ್ನು ಹರಿಯದೆ ಅದರ ಮೇಲೆ ಒಂದೇ ಗೆರೆ ಎಳೆದು, ಕಾರಣ ಬರೆದು ಸಹಿ ಹಾಕಿದರು. ಕಿಟಕಿ ತೆರೆಸಿ, ಒಂದು ಗಂಟೆ ಬಿಟ್ಟು ಬೇರೆ ನರ್ಸನ್ನು ಕರೆಸಿದರು. ಕಾಫಿ, ಗುಲಾಬಿ, ಪುದೀನ ಎನ್ನುತ್ತ ಅವನು ಎಲ್ಲೂ ಎಡವದೆ ಸಾಗಿದ. ನೀರು ಬಂದಾಗ, ಇದರಲ್ಲಿ ಏನೂ ಇಲ್ಲವೆಂದ. ಹನ್ನೆರಡನೆಯದಕ್ಕೆ ಮಾತ್ರ ಮೂಗು ಮುರಿದ.

"ನಿಂಬೆ. ಆದ್ರೆ ಯಾರೋ ಮುಚ್ಚಳ ಸರಿಯಾಗಿ ಹಾಕಿಲ್ಲ, ಹಳಸಿದೆ."

ಡಾಕ್ಟರಮ್ಮ ಮುಚ್ಚಳ ತಿರುಗಿಸಿ ನೋಡಿ ನಕ್ಕುಬಿಟ್ಟರು. ಹನ್ನೆರಡಕ್ಕೆ ಹನ್ನೆರಡು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನುಮೇಲೆ ಇವನ ಎದುರು ಅಡುಗೆ ಮಾಡುವುದೇ ಕಷ್ಟ ಎಂದಳು.

ಮನೆಗೆ ಬಂದವನೇ ಕೈಕಾಲು ತೊಳೆದು, ದೇವರಿಗೆ ಕೈಮುಗಿದು, ಪೆಟ್ಟಿಗೆಯ ಮುಂದೆ ಕೂತ. ಮುಚ್ಚಳ ಎತ್ತಿದ. ತಾನೇ ಬೆರೆಸಿದ ಸೋಪಿನ ಪರಿಮಳ ತೆಳುವಾಗಿ, ತಪ್ಪದೆ ಬಂತು. ಎರಡನೆಯ ಸಲ ಉಸಿರೆಳೆದಾಗ ಅವನ ತುಟಿಯಂಚಿನಲ್ಲಿ ನಗು ಮೂಡಿತು.

"ಮಲ್ಲಿಗೆ ಒಂದು ಹನಿ ಜಾಸ್ತಿ ಆಗಿದೆಯಲ್ಲೇ. ಇಷ್ಟು ವರ್ಷ ಹೇಳಲೇ ಇಲ್ಲ ನೀನು."

ಮರುದಿನ ಬೆಳಿಗ್ಗೆ ತನ್ನ ಹಳೆಯ ಮೇಜಿಗೆ ಮರಳಿ, ಮೊದಲು ಆ ಮಲ್ಲಿಗೆಯ ಅಳತೆಯನ್ನೇ ತಿದ್ದಿದ.