ಬೀಜಕ್ಕೆ ಬಿಟ್ಟ ಹಣ್ಣು

ದಸರಾ ಕಳೆದಿತ್ತು. ಚನ್ನಪಟ್ಟಣದಲ್ಲಿ ನಿಖಾತಳ ಹಿತ್ತಿಲ ಬೆಂಡೆಗಳು ಬಲಿತು ಒಣಗಿ ಗಾಳಿಗೆ ಗಿಲಕಿಯಂತೆ ಸದ್ದು ಮಾಡುತ್ತಿದ್ದವು. ಬೀಜಕ್ಕೆಂದು ಬಿಟ್ಟ ಬದನೆ ಹಳದಿಗೆ ತಿರುಗಿತ್ತು. ಅವುಗಳ ಚಿಂತೆ ಅವಳಿಗಿರಲಿಲ್ಲ. ಚಿಂತೆಯೆಲ್ಲ ಕೊನೆಯ ಟೊಮ್ಯಾಟೊ ಗಿಡದ್ದು. ನಿಂಬೆಹಣ್ಣಿನ ಗಾತ್ರದ, ದುಂಡನೆಯ ನಾಟಿ ಹಣ್ಣು. ಎರಡು ಹಿಂಡಿದರೆ ಸಾರಿಗೆ ಹುಣಸೆ ಬೇಡ. ನರ್ಸರಿಯಲ್ಲಿ ಕೇಳಿದರೆ ಹೈಬ್ರಿಡ್ ಸಸಿ ತೋರಿಸುತ್ತಿದ್ದರು. ಈ ಗಿಡದ ಬೀಜ ಕೈತಪ್ಪಿದರೆ ಆ ಹುಳಿ ಮನೆಯಿಂದ ಹೋದಂತೆಯೇ.

ಉಳಿದದ್ದು ಮೂರು ಹಣ್ಣು. ಹಕ್ಕಿ ಕುಕ್ಕದಂತೆ ಒಂದಕ್ಕೆ ಬಟ್ಟೆ ಕಟ್ಟಿದಳು; ಮಳೆಗೆ ನೆನೆದು ಬೂಷ್ಟು ಹಿಡಿಯಿತು. ಇನ್ನೊಂದನ್ನು ಪಿಕಳಾರ ಹಕ್ಕಿಗಳ ಜೋಡಿಯೊಂದು ಜುಟ್ಟು ಕುಣಿಸುತ್ತಾ ತಿಂದು ಮುಗಿಸಿತು. ಮೂರನೆಯದು ಇನ್ನೂ ಅರ್ಧ ಕೆಂಪು. ಬೀಜಕ್ಕಾಗಬೇಕೆಂದರೆ ಗಿಡದಲ್ಲೇ ಪೂರ್ತಿ ಹಣ್ಣಾಗಬೇಕು.

"ಹಕ್ಕಿ ವಿಷಯ ನನಗೆ ಬಿಡಮ್ಮ" ಎಂದರು ಮಾವ ಸಮೀವುಲ್ಲಾ. ಜೀವಮಾನವೆಲ್ಲ ಬೊಂಬೆ ಕಡೆದ ಕೈ. ಹಾಲೆಮರದ ತುಂಡು ಲೇತಿಗೆ ಸಿಕ್ಕಿಸಿ ನಾಲ್ಕು ಟೊಮ್ಯಾಟೊ ಕಡೆದರು. ತಿರುಗುವ ಮರಕ್ಕೆ ಕೆಂಪು ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸಿದರು, ತಾಳೆಗರಿಯಲ್ಲಿ ಉಜ್ಜಿ ಮಿರುಗಿಸಿದರು, ಹಸಿರು ತೊಟ್ಟನ್ನೂ ಕೂರಿಸಿ ದಾರ ಕಟ್ಟಿ ಗಿಡಕ್ಕೆ ತೂಗುಹಾಕಿದರು.

ಬೆಳಿಗ್ಗೆ ಪಿಕಳಾರ ಬಂತು. ಟಕ್ ಎಂದು ಕುಕ್ಕಿತು. ತಲೆ ವಾರೆ ಮಾಡಿ ನೋಡಿತು. ಇನ್ನೊಂದನ್ನು ಕುಕ್ಕಿತು: ಟಕ್. ಬೇಲಿಗೆ ಕೊಕ್ಕು ಒರೆಸಿಕೊಂಡು ಹಾರಿಹೋಯಿತು. ಜೊತೆಗೆ ಬಂದದ್ದು ಅಷ್ಟನ್ನೂ ಮಾಡಲಿಲ್ಲ.

"ನೋಡಿದ್ಯಾ? ಹಕ್ಕಿಗೇ ಟೋಪಿ!" ಮಾವ ದಿನವಿಡೀ ಬೀಗಿದರು.

"ಕೊಕ್ಕು ಮುರಿದ್ರೆ ಪಾಪ ನಿಮಗೇ, ಅಬ್ಬಾ" ಎಂದು ನಿಖಾತ್ ಮಾವನನ್ನು ಛೇಡಿಸಿ ನಕ್ಕಳು.

ಹಣ್ಣು ಪೂರ್ತಿ ಕೆಂಪಾದ ದಿನವೇ ಸಂಜೆ ಮೋಡ ಕವಿಯಿತು. ನೆನೆದರೆ ಅರಗಿನ ಹೊಳಪು ಮಂಕಾಗುತ್ತದೆಂದು ಸಮೀವುಲ್ಲಾ ಕನ್ನಡಕವನ್ನೂ ಹಾಕದೆ ಓಡಿದರು. ಮಬ್ಬಿನಲ್ಲಿ ಕೈಗೆ ಸಿಕ್ಕ ದುಂಡನೆಯದನ್ನೆಲ್ಲ ಕಿತ್ತು ಬುಟ್ಟಿಗೆ ಹಾಕಿ, ಬುಟ್ಟಿಯನ್ನು ಲೇತಿನ ಕೋಣೆಯ ಬಾಗಿಲಲ್ಲಿಟ್ಟು ನಮಾಜಿಗೆ ಹೋದರು. ಅಷ್ಟರಲ್ಲಿ ಹೆದ್ದಾರಿಯಲ್ಲಿ ಬೊಂಬೆ ಅಂಗಡಿ ಇಟ್ಟಿರುವ ಹೊಂಗನೂರಿನ ನರೇಂದ್ರ ಆಟಿಕೆ ತರಕಾರಿಯ ಸೆಟ್ಟು ಒಯ್ಯಲು ಬಂದ. ಬುಟ್ಟಿಯಲ್ಲಿದ್ದದ್ದೂ ತನ್ನ ಆರ್ಡರಿನದೇ ಎಂದುಕೊಂಡು ರಟ್ಟಿನ ಡಬ್ಬಕ್ಕೆ ಸುರಿದುಕೊಂಡ. ಮಳೆ ಹನಿಯುವ ಮೊದಲೇ ಬೈಕ್ ಹತ್ತಿದ.

ಮಳೆ ನಿಂತ ಮೇಲೆ ನಿಖಾತ್ ಗಿಡ ನೋಡಿದಳು. ಬರೀ ಎಲೆ.

"ಅಬ್ಬಾ, ಎಷ್ಟು ಕಿತ್ತಿರಿ?"

"ಕಟ್ಟಿದ್ದು ನಾಲ್ಕು." ಮಾವ ಬೆರಳು ಮಡಿಸಿದರು. ಮತ್ತೆ ಮಡಿಸಿದರು. "ಒಂದು ದಾರವೇ ಇಲ್ದೆ ಸಲೀಸಾಗಿ ಬಂತು."

"ನಿಮ್ಮ ಕೆಲಸ ನಿಮಗೇ ಗೊತ್ತಾಗಲಿಲ್ವಾ?"

"ಅಷ್ಟು ಚೆನ್ನಾಗಿ ಮಾಡಿದ್ದೆ ಅಂತ ತಿಳ್ಕೊ."

ಲೇತಿನ ಕೋಣೆಯ ಬಾಗಿಲಲ್ಲಿ ಬುಟ್ಟಿ ಖಾಲಿ; ಸಂಜೆ ಸೆಟ್ಟು ಒಯ್ಯಲು ಬಂದವನು ನರೇಂದ್ರನೊಬ್ಬನೇ. ನಗಬೇಕೋ ಅಳಬೇಕೋ ತಿಳಿಯದೆ ನಿಖಾತ್ ಅವನಿಗೆ ಫೋನ್ ಮಾಡಿದಳು.

"ಅಕ್ಕಾ, ಸೆಟ್ಟಲ್ಲಿ ಒಂದು ಮೆತ್ತಗೈತೆ ಅಂತ ನಾನೇ ಫೋನ್ ಮಾಡಾನ ಅಂತಿದ್ದೆ."

"ಅದು ಬೀಜಕ್ಕೆ ಬಿಟ್ಟಿದ್ದು ಕಣಪ್ಪಾ! ಎಲ್ಲೈತೆ ಈಗ?"

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. "ಒಸಿ ಉಪ್ಪು ಹಾಕ್ಕೊಂಡು... ತಿಂದ್ಬುಟ್ಟೆ ಕಣಕ್ಕಾ."

"ಪೂರ್ತಿನಾ?"

"ಅರ್ಧ. ಹುಳಿ ನೆತ್ತಿಗೇರ್ತು. ಇನ್ನರ್ಧ ಟಿಫಿನ್ ಬಾಕ್ಸಲೈತೆ."

"ಮುಟ್ಟಬೇಡ್ವೋ, ಬತ್ತಿದೀವಿ!" ಮಾವ ಫೋನಿಗೆ ಬಾಯಿ ಹಾಕಿ ಕೂಗಿದರು.

ಇಬ್ಬರೂ ಆಟೊದಲ್ಲಿ ಹೋಗಿ ಅರ್ಧ ಹಣ್ಣನ್ನು ಬಾಕ್ಸ್ ಸಮೇತ ತಂದರು. ಪುಣ್ಯಕ್ಕೆ ಅದಕ್ಕೆ ಉಪ್ಪು ತಾಗಿರಲಿಲ್ಲ. ನಿಖಾತ್ ತಿರುಳನ್ನು ಲೋಟಕ್ಕೆ ಹಿಂಡಿ, ಸ್ವಲ್ಪ ನೀರು ಬೆರೆಸಿ ಎರಡು ದಿನ ಹುಳಿಯಲು ಬಿಟ್ಟಳು. ಬೀಜಕ್ಕೆ ಅಂಟಿದ್ದ ಲೋಳೆ ಕರಗಿತು. ಜೊಳ್ಳು ತೇಲಿತು, ಗಟ್ಟಿಬೀಜ ತಳಕ್ಕೆ ಕೂತಿತು. ಅದನ್ನು ತೊಳೆದು ಸ್ಟೀಲ್ ತಟ್ಟೆಯಲ್ಲಿ ನೆರಳಿಗೆ ಹರವಿದಳು.

ಬೀಜ ಒಣಗುವ ಹೊತ್ತಿಗೆ ನರೇಂದ್ರ ಬಾಕ್ಸ್ ಕೇಳಿಕೊಂಡು ಬಂದ. ತಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ.

"ಇಂಥ ಹಣ್ಣು ತಿಂದೆ ಅಂತ ನಮ್ಮವ್ವಂಗೆ ಹೇಳ್ದೆ ಅಕ್ಕಾ. 'ನಂಗೇನ್ಲಾ ತಂದೆ?' ಅಂತ ಬೈದ್ಲು. ಒಂದೈದು ಬೀಜ ಕೊಟ್ರೆ ಹೊಂಗನೂರಲ್ಲೂ ಹಾಕ್ತೀವಿ."

"ತಿಂದವನಿಗೆ ಬೀಜ ಬೇರೆ!" ಎಂದರು ಮಾವ.

ನಿಖಾತ್ ಮಾತ್ರ ಒಂದು ಚಿಟಿಕೆ ತೆಗೆದು ಪೊಟ್ಟಣ ಕಟ್ಟಿದಳು. ಒಂದೇ ಹಿತ್ತಿಲನ್ನು ನಂಬಿ ಕೂತರೆ ಏನಾಗುತ್ತದೆಂದು ಅವಳಿಗೆ ಗೊತ್ತಾಗಿತ್ತು.

"ಮೊದಲ ಹಣ್ಣು ಬೀಜಕ್ಕೆ. ತಿನ್ನೋದೇನಿದ್ರೂ ಆಮೇಲೆ."

"ಆಯ್ತಕ್ಕಾ. ನಮ್ಮವ್ವ ಕೋಲು ಹಿಡ್ಕೊಂಡು ಕಾಯ್ತಾಳೆ."

"ಹಕ್ಕಿ ಓಡ್ಸೋಕಾ?" ಎಂದಳು ನಿಖಾತ್.

"ನನ್ನ ಓಡ್ಸಕ್ಕೆ ಕಣಕ್ಕಾ."