ಕರ್ನಲ್‌ಗಿಂತ ಮೊದಲು ಊಟ

ಸ್ವಯಂಸೇವಕ ಪಡೆಯ ತರಬೇತಿ ಶಿಬಿರದ ಊಟದ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ ಆರ್ಡಿತ್ ಕ್ರ್ಯಾಬ್‌ಟ್ರೀ ತಟ್ಟೆ ಕೈಗೆತ್ತಿಕೊಂಡಳು, ಬೀನ್ಸಿನ ಪಾತ್ರೆಯತ್ತ ಒಮ್ಮೆ ನೋಡಿದಳು, ಪಕ್ಕಕ್ಕೆ ಸರಿದು ಹಿಂದಿನವನಿಗೆ ದಾರಿ ಬಿಟ್ಟಳು.

"ನೀನು ಬಡಿಸ್ಕೊಳಪ್ಪ. ನಂಗೇನೂ ಅವಸರ ಇಲ್ಲ."

ಹಿಂದಿದ್ದವನು ಲಾರಿ ಡ್ರೈವರ್ ಡೆವಿನ್ ಟಾಲಿವರ್. ಅವನನ್ನೂ ತಾಯಿ ನೆಟ್ಟಗೆ ಬೆಳೆಸಿದ್ದಳು. "ಎಲ್ಲಾದ್ರೂ ಉಂಟಾ ಮಿಸ್ ಆರ್ಡಿತ್? ದೊಡ್ಡೋರು ನೀವು ಮೊದಲು."

"ಬೆಳೆಯೋ ಹುಡುಗ ನೀನು, ತಗೋ."

"ಮೂವತ್ತಾಯ್ತು ನಂಗೆ, ಇನ್ನು ಬೆಳೆದ್ರೆ ಹೊಟ್ಟೆ ಮಾತ್ರ!"

ಟೆನ್ನೆಸ್ಸಿಯವರ ಉಪಚಾರ ಒಮ್ಮೆ ಶುರುವಾದರೆ ಬೇಗ ಮುಗಿಯುವಂಥದ್ದಲ್ಲ. ಬೀನ್ಸು ಆರುತ್ತಿತ್ತು. ಸಾಲು ನಿಂತಲ್ಲೇ ನಿಂತಿತ್ತು. ವಾರವೆಲ್ಲ ಶಾಲೆಯ ಬಸ್ಸು ಓಡಿಸುತ್ತಾ ಮಕ್ಕಳ ಮೇಲೆ ಗದರಿ ಗದರಿ ಗಂಟಲು ಪಳಗಿಸಿಕೊಂಡಿದ್ದ ಸಾರ್ಜೆಂಟ್ ಹೋಬರ್ಟ್ ಸ್ಟೈಲ್ಸ್ ಧಾವಿಸಿ ಬಂದ.

"ಏನ್ರೀ ಇದು, ಬೀಗರ ಔತಣನಾ? ಕ್ರ್ಯಾಬ್‌ಟ್ರೀ, ಸಾಲಿನ ಕೊನೇಲಿ ಯಾರು ನಿಂತಿದಾರೆ ನೋಡಿ."

"ಕರ್ನಲ್ ಸಾಹೇಬ್ರು."

"ಇಲ್ಲಿ ಹೊಸಬರು ಮೊದಲು ಉಣ್ಣಬೇಕು. ಆಮೇಲೆ ನಾವು. ಕಟ್ಟಕಡೇಲಿ ಅವರು. ನೀವು ಹೀಗೆ ಮರ್ಯಾದೆ ಮಾಡ್ತಾ ನಿಂತಷ್ಟು ಹೊತ್ತೂ ಆ ಮುದುಕರ ಹೊಟ್ಟೆಗೆ ತಣ್ಣೀರು ಬಟ್ಟೆ."

"ಮುದುಕ ಅಂದಿದ್ದು ಕೇಳಿಸ್ತು ಸಾರ್ಜೆಂಟ್," ಎಂದು ಕೊನೆಯಿಂದ ಧ್ವನಿ ಬಂತು. ಕರ್ನಲ್ ಪ್ರೂಯೆಟ್ ವಾರದ ದಿನಗಳಲ್ಲಿ ದಂತವೈದ್ಯ. ಸಾಲಿನಲ್ಲಿದ್ದ ಅರ್ಧ ಜನರ ಹಲ್ಲು ಕಿತ್ತವನೇ ಅವನು. ಆರ್ಡಿತ್ ನಾಚಿ ಒಂದು ಸೌಟು ಬೀನ್ಸು ಹಾಕಿಸಿಕೊಂಡಳು, ಆದರೆ ಗಂಟಲಲ್ಲಿ ಇಳಿಯಲಿಲ್ಲ.

ಹೇಗೆ ಇಳಿದೀತು? ಮದುವೆಯಾದಾಗಿನಿಂದ ಅವಳು ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಒಲೆಯ ಪಕ್ಕ ನಿಂತೇ ತಿಂದವಳು. ಗಂಡ ಲಾಯ್ಡ್‌ಗೆ ಕೋಳಿಯ ತೊಡೆ, ಮಗಳು ಶೆಲ್ಬಿಗೆ ಎದೆ, ತನಗೆ ಕತ್ತು. ಲಾಯ್ಡ್ ತೀರಿಕೊಂಡ ಮೇಲೂ ಅಂಗಡಿಯಲ್ಲಿ ಅವಳ ಕೈ ಕತ್ತಿನ ತುಂಡುಗಳ ಕಡೆಗೇ ಹೋಗುತ್ತಿತ್ತು.

ವಸಂತದಲ್ಲಿ ಸುಂಟರಗಾಳಿ ಬಂದು ಅವಳ ಮನೆಯ ಚಾವಣಿಯನ್ನೇ ಎತ್ತಿಕೊಂಡು ಹೋದಾಗ ರಾಜ್ಯದ ಈ ಸ್ವಯಂಸೇವಕ ಪಡೆಯವರು ಬಂದಿದ್ದರು. ರಸ್ತೆಗೆ ಬಿದ್ದ ಓಕ್ ಮರವನ್ನು ಗರಗಸದಿಂದ ಕೊಯ್ದರು, ಮನೆಗೆ ಟಾರ್ಪಾಲು ಹೊದಿಸಿದರು. ನಿಮಗೆ ಸಂಬಳ ಎಷ್ಟು ಎಂದು ಅವಳು ಕೇಳಿದ್ದಕ್ಕೆ ಸ್ಟೈಲ್ಸ್ ನಕ್ಕು, "ಸಂಬಳಾನಾ? ಈ ಬೂಟು ಕೂಡ ನಮ್ಮ ದುಡ್ಡಲ್ಲೇ ಕೊಂಡಿದ್ದು ಅಮ್ಮಾ," ಎಂದಿದ್ದ. ಇಂಥವರ ಜೊತೆ ತಾನೂ ಇರಬೇಕು ಎಂದು ಅವಳಿಗೆ ಅವತ್ತೇ ಅನ್ನಿಸಿತು. ಮಗಳು ಫೋನಿನಲ್ಲಿ, "ಈ ವಯಸ್ಸಲ್ಲಿ ಕವಾಯತು ಕಲಿತೀಯಾ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?" ಎಂದಳು. ಆರ್ಡಿತ್ ಹೋಗಿ ಬೂಟು ಕೊಂಡಳು.

ಕವಾಯತು ಬಗ್ಗಿತು. ದಿಕ್ಸೂಚಿ ಬಗ್ಗಿತು. ಗಂಟು ಹಾಕುವುದರಲ್ಲಂತೂ ಅವಳನ್ನು ಮೀರಿಸಿದವರಿರಲಿಲ್ಲ. ಬಗ್ಗದೆ ಉಳಿದದ್ದು ಒಂದೇ. ಒದ್ದೆಯಾದ ಹುಡುಗಿಗೆ ತನ್ನ ಒಣ ಕಾಲುಚೀಲ ಕೊಟ್ಟು ತಾನು ಕಾಲೆಲ್ಲ ಬೊಬ್ಬೆ ಬರಿಸಿಕೊಂಡಳು. ಯಾರಾದರೂ ಏದುಸಿರು ಬಿಟ್ಟರೆ ಅವರ ಚೀಲ ಇವಳ ಹೆಗಲಿಗೆ. ಜುಲೈ ತಿಂಗಳ ಅಭ್ಯಾಸದಲ್ಲಿ ಅದು ಅತಿಗೆ ಹೋಯಿತು.

ಅವತ್ತು ಕಾಡಿನಲ್ಲಿ ದಾರಿ ತಪ್ಪಿದ ಮುದುಕನನ್ನು ಹುಡುಕಬೇಕಿತ್ತು. ಮುದುಕ ಎಂದರೆ ಹಳೇ ಮೇಲಂಗಿ ತೊಡಿಸಿ ಮರಳು ತುಂಬಿದ ಬೊಂಬೆ. ಬಿಸಿಲು ಕಾವಲಿಯ ಹಾಗೆ ಕಾದಿತ್ತು. ಡೆವಿನ್ ತನ್ನ ನೀರು ಬೇಗ ಖಾಲಿ ಮಾಡಿಕೊಂಡ. ಆರ್ಡಿತ್ ತನ್ನ ಬಾಟಲಿಯನ್ನು ಪೂರ್ತಿ ಅವನಿಗೆ ಕೊಟ್ಟು, "ನಾನು ಆಗಲೇ ಕುಡಿದೆ," ಎಂದು ಸುಳ್ಳು ಹೇಳಿದಳು. ಗುಡ್ಡದ ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣು ಕತ್ತಲಿಟ್ಟು ಬಿದ್ದಳು. ಮುದುಕನಿಗೆಂದು ತಂದಿದ್ದ ಸ್ಟ್ರೆಚರಿನಲ್ಲಿ ಅವಳನ್ನೇ ಹೊತ್ತು ಇಳಿಸಬೇಕಾಯಿತು. ಮುದುಕ ಕಾಡಿನಲ್ಲೇ ಉಳಿದ.

ಮಾರನೆಯ ದಿನ ಸ್ಟೈಲ್ಸ್ ಕೂಗಾಡಲಿಲ್ಲ. ಕೂಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ಕ್ರ್ಯಾಬ್‌ಟ್ರೀ, ನಿಮ್ಮಂಥ ಒಳ್ಳೆ ಹೆಂಗಸು ಈ ಪಡೇಲಿ ಇನ್ನೊಬ್ಬರಿಲ್ಲ. ಆದ್ರೆ ಗುಡ್ಡದ ಮೇಲಿದ್ದೋನು ಬೊಂಬೆ ಅಲ್ದೆ ನಿಜವಾದ ಮನುಷ್ಯ ಆಗಿದ್ರೆ?"

"ಸತ್ತು ಹೋಗ್ತಿದ್ದ."

"ನಿಮ್ಮ ಒಳ್ಳೇತನದಿಂದ ಸಾಯ್ತಿದ್ದ. ಮುಂದಿನ ತಿಂಗಳು ಕಡೇ ಪರೀಕ್ಷೆ. ಅಲ್ಲೂ ಹೀಗೇ ಆದ್ರೆ ಮನೆಗೆ ಕಳಿಸೋದೇ ಅಂತ ಕರ್ನಲ್ ಹೇಳಿದಾರೆ."

ಕಾರಿನಲ್ಲಿ ಕುಳಿತು ಅವಳು ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತಳು. ಒಳ್ಳೆಯವಳಾಗಿದ್ದಕ್ಕೆ ಬೈಸಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ಆ ಜನರನ್ನು ಬಿಟ್ಟು ಮತ್ತೆ ಆ ಖಾಲಿ ಅಡುಗೆಮನೆಗೆ ಹೋಗುವುದು ಅವಳಿಗೆ ಬೇಡವಾಗಿತ್ತು.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನೋಡೇಬಿಡೋಣ ಎಂದು ಅವಳು ಚರ್ಚಿನ ಭಾನುವಾರದ ಊಟದಲ್ಲೇ ಅಭ್ಯಾಸಕ್ಕೆ ಇಳಿದಳು. ಪ್ರಾರ್ಥನೆ ಮುಗಿದದ್ದೇ ತಡ, ಪಾದ್ರಿಗಿಂತ ಮುಂಚೆ ಮೇಜಿಗೆ ಹೋಗಿ ಕೋಳಿಯ ತೊಡೆಯನ್ನೇ ಆರಿಸಿ ಹಾಕಿಕೊಂಡಳು. ಸಭೆಯೆಲ್ಲ ಅವಳ ತಟ್ಟೆಯತ್ತ ತಿರುಗಿತು. ಪಾದ್ರಿಯ ಹೆಂಡತಿ ಹತ್ತಿರ ಬಂದು ಮೆಲ್ಲಗೆ, "ಹುಷಾರಾಗಿದೀಯ ತಾನೇ ಆರ್ಡಿತ್?" ಎಂದು ಕೇಳಿದಳು. ಸಂಜೆಗೆ ಶೆಲ್ಬಿಯ ಫೋನು. "ಅಮ್ಮಾ, ನಿಂಗೆ ತಲೆಗಿಲೆ ಕೆಟ್ಟಿದೆ ಅಂತ ಇಬ್ಬರು ಫೋನ್ ಮಾಡಿದ್ರು. ತೊಡೆ ತಿಂದ್ಯಂತೆ?"

"ತಿಂದೆ ಕಣೇ. ಚೆನ್ನಾಗಿರುತ್ತೆ. ಇಷ್ಟು ವರ್ಷ ನೀವು ಯಾರೂ ಹೇಳಲೇ ಇಲ್ಲ."

ಆಗಸ್ಟಿನ ಪರೀಕ್ಷೆಯ ದಿನ ಬಿಸಿಲು ಜುಲೈಯನ್ನು ನಾಚಿಸುವಂತಿತ್ತು. ಅದೇ ಗುಡ್ಡ, ಅದೇ ಮರಳಿನ ಮುದುಕ. ಅರ್ಧ ದಾರಿಯಲ್ಲಿ ಡೆವಿನ್ ಬಾಯಿ ಒರೆಸಿಕೊಳ್ಳುತ್ತಾ ಅವಳ ಬಾಟಲಿಯ ಕಡೆ ನೋಡಿದ. ಸ್ಟೈಲ್ಸ್ ಒಂದು ಮರಕ್ಕೆ ಒರಗಿ ಇಬ್ಬರನ್ನೂ ನೋಡುತ್ತಿದ್ದ. ಆರ್ಡಿತ್ ಬಾಟಲಿ ಬಿಚ್ಚಿದಳು. ಕೈ ತಾನಾಗಿಯೇ ಅವನ ಕಡೆ ಹೊರಳಿತು. ಬಲವಂತವಾಗಿ ಅದನ್ನು ತನ್ನ ಬಾಯಿಗೇ ತಂದು ಗಟಗಟ ಕುಡಿದಳು. ಪಾಪ ಮಾಡುತ್ತಿರುವ ಹಾಗೆ ಕಣ್ಣು ಮುಚ್ಚಿಕೊಂಡಿದ್ದಳು.

"ನಿನ್ನ ಚೀಲದಲ್ಲಿ ಇನ್ನೊಂದು ಬಾಟಲಿ ಇದೆ ಡೆವಿನ್. ಬೆಳಗ್ಗೆ ತುಂಬಿಸಿದ್ದನ್ನ ನಾನೇ ನೋಡಿದೀನಿ. ತೆಗೆಯೋಕೆ ಸೋಮಾರಿತನ. ತೆಗೆದು ಕುಡಿ."

ಸ್ಟೈಲ್ಸ್ ಬೇರೆ ಕಡೆ ತಿರುಗಿ ಕೆಮ್ಮಿದ. ಮಧ್ಯಾಹ್ನ ದಾಟುವ ಮೊದಲೇ ಹಳ್ಳದ ಪೊದೆಯಲ್ಲಿ ಬೊಂಬೆ ಸಿಕ್ಕಿತು. ಇಳಿಜಾರಿನಲ್ಲಿ ಸ್ಟ್ರೆಚರಿನ ಭಾರದ ತುದಿ ಹಿಡಿದು ಕೆಳಗಿನ ತನಕ ಬಂದವಳು ಆರ್ಡಿತ್. ಈ ಸಲ ಕಣ್ಣು ಕತ್ತಲಿಡಲಿಲ್ಲ. ಅವತ್ತೇ ಸಂಜೆ ಕರ್ನಲ್ ಅವಳ ಕೈ ಕುಲುಕಿ ಪಡೆಗೆ ಸೇರಿಸಿಕೊಂಡ.

ಮರುವರ್ಷ ನದಿ ಉಕ್ಕಿ ತಗ್ಗಿನ ಊರುಗಳಿಗೆ ನುಗ್ಗಿದಾಗ ಶಾಲೆಯ ಒಳಾಂಗಣ ಕ್ರೀಡಾಂಗಣವೇ ಆಶ್ರಯ ಶಿಬಿರವಾಯಿತು. ಮನೆ ಕಳೆದುಕೊಂಡವರು, ಅವರ ಮಕ್ಕಳು, ನಾಯಿಗಳು, ಒಂದು ಮೇಕೆ. ವಾರವೆಲ್ಲ ಹಲ್ಲು ಕೀಳುವವನು, ಬಸ್ಸು ಓಡಿಸುವವನು, ಲಾರಿ ಓಡಿಸುವವನು ಸಂಬಳವಿಲ್ಲದೆ ಮಂಚ ಹೊತ್ತರು, ಕಕ್ಕಸು ತೊಳೆದರು. ಆರ್ಡಿತ್ ಈಗ ಕಾರ್ಪೊರಲ್. ಅವರನ್ನೆಲ್ಲ ನೋಡಿದಾಗ ಅವಳ ಎದೆ ತುಂಬಿ ಬರುತ್ತಿತ್ತು.

ಎರಡನೆಯ ದಿನ, ಬಂದವರೆಲ್ಲರ ಊಟವಾದ ಮೇಲೆ ಪಡೆಯವರು ಸಾಲು ನಿಂತರು. ಮುಂದಿದ್ದವಳು ಹೊಸದಾಗಿ ಸೇರಿದ, ನಿವೃತ್ತ ಟೀಚರ್. ಆಕೆ ಪಕ್ಕಕ್ಕೆ ಸರಿದು ಹಿಂದಿದ್ದವನಿಗೆ, "ನೀವು ಬೆಳಗ್ಗಿಂದ ದುಡಿದಿದೀರಿ, ನೀವು ಮೊದಲು," ಎಂದಳು.

"ತಟ್ಟೆ ಹಿಡೀರಿ ಟೀಚರಮ್ಮ," ಸಾಲಿನ ಹಿಂದಿನಿಂದ ಆರ್ಡಿತ್ ಗದರಿದಳು. "ನೀವು ಉಂಡ ಹೊರತು ಕರ್ನಲ್ ಉಣ್ಣಲ್ಲ."

ಸಾಲು ಕರಗುತ್ತಾ ಬಂತು. ಕೊನೆಗೆ ಉಳಿದವರು ಇಬ್ಬರು: ಆರ್ಡಿತ್, ಅವಳ ಹಿಂದೆ ಕರ್ನಲ್. ಪಾತ್ರೆಯಲ್ಲಿ ಕೋಳಿಯ ತುಂಡು ಒಂದೇ ಉಳಿದಿತ್ತು, ಅದೂ ತೊಡೆ. ಕರ್ನಲ್ ಹಿಂದಿನ ರಾತ್ರಿಯೂ ಬರೀ ಬ್ರೆಡ್ಡು ತಿಂದು ಮಲಗಿದ್ದನ್ನು ಅವಳು ಕಂಡಿದ್ದಳು. ಕೈ ಹಿಂದೆ ಸರಿಯಿತು.

"ಕ್ರ್ಯಾಬ್‌ಟ್ರೀ," ಎಂದ ಕರ್ನಲ್, ಅಷ್ಟೇ.

ಅವಳು ತೊಡೆ ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡಳು. ಕರ್ನಲ್ ಬ್ರೆಡ್ಡಿನಿಂದ ಪಾತ್ರೆಯ ತಳ ಒರೆಸಿ ತಿನ್ನುತ್ತಾ ಅವಳ ಎದುರಿಗೇ ಬಂದು ಕುಳಿತ. ತಾನು ಉಣ್ಣಲೆಂದು ಇನ್ನೊಬ್ಬರು ಹಸಿದಿದ್ದದ್ದು ಅವಳ ಬಾಳಿನಲ್ಲಿ ಹಿಂದೆಂದೂ ಆಗಿರಲಿಲ್ಲ. ಕಣ್ಣೀರು ತಟ್ಟೆಗೆ ಬೀಳುತ್ತಿತ್ತು. ಅವಳು ಒಂದು ಎಳೆ ಮಾಂಸವನ್ನೂ ಮೂಳೆಗೆ ಬಿಡದೆ ತಿಂದಳು.

"ಹೇಗಿದೆ?" ಎಂದು ಕೇಳಿದ ಕರ್ನಲ್.

"ಉಪ್ಪು ಸ್ವಲ್ಪ ಜಾಸ್ತಿ ಸಾರ್," ಎಂದು ಮೂಗೊರೆಸಿಕೊಂಡು ಅವಳು ಬೆರಳು ಚೀಪಿದಳು.